ಹೆಣದ ಕೋಣೆಗೆ ಒಂದು ಬಾಡಿಗೆ

ಈ ಊರಿನಲ್ಲಿ ಬಾಡಿಗೆ ಗಾಡಿ ಹತ್ತುವ ಮುಂಚೆ ಡ್ರೈವರನ ಕಾಲು ನೋಡಬೇಕು. ಎರಡೂ ಕಾಲಿಗೆ ಒಂದೇ ಜೋಡಿಯ ಚಪ್ಪಲಿ ಇದ್ದರೆ ಹತ್ತಬಹುದು. ಒಂದಕ್ಕೆ ಕಪ್ಪು, ಇನ್ನೊಂದಕ್ಕೆ ಕಂದು ಇದ್ದರೆ ಅವನ ಮನಸ್ಸು ಇನ್ನೂ ಮನೆಯಲ್ಲೇ ಇದೆ ಎಂದು ಅರ್ಥ; ಗಾಡಿಯೂ ಅಲ್ಲಿಗೇ ಹೋಗುತ್ತದೆ. ವಿಮಾನ ಇಳಿದವರು ಹೊರಗೆ ಬರುವ ಬಾಗಿಲಲ್ಲಿ ಇದನ್ನೆಲ್ಲ ಬೋರ್ಡಿನಲ್ಲಿ ಬರೆಸಿ ಹಾಕಿದ್ದಾರೆ. ಬೆಳಿಗ್ಗೆ ಏನು ತಿಂದೆ ಎಂದು ಡ್ರೈವರನನ್ನು ಕೇಳಿ, ತಡವರಿಸಿದರೆ ಬೇರೆ ಗಾಡಿ ಹಿಡಿಯಿರಿ. ಹೊಸದಾಗಿ ಮದುವೆಯಾದವನ ಗಾಡಿಯನ್ನು ಮಧ್ಯಾಹ್ನದವರೆಗೆ ಹತ್ತಬೇಡಿ. ನಿಮ್ಮ ದುಃಖವನ್ನು ಡ್ರೈವರನ ಹತ್ತಿರ ಹೇಳಿಕೊಳ್ಳಬೇಡಿ. ಯಾವ ಕಾರಣಕ್ಕೂ ಸ್ಟೇರಿಂಗ್ ಮುಟ್ಟಬೇಡಿ. ಎಂಟು ಭಾಷೆಗಳಲ್ಲಿದೆ, ನಮ್ಮದರಲ್ಲಿಲ್ಲ. ಈ ಊರಿನ ಅರ್ಧ ಗೋಡೆಗಳನ್ನು ನಮ್ಮವರೇ ಕಟ್ಟಿದ್ದಾರೆ, ಆದರೂ ಇಲ್ಲ.

ಊರಿನವರಿಗೆ ಇದು ದೊಡ್ಡ ವಿಷಯವಲ್ಲ. ಮಗಳು ಕಾಲೇಜಿನಿಂದ ಬರಲಿಲ್ಲವೆಂದರೆ ತಾಯಿ ಪೊಲೀಸರಿಗೆ ಫೋನ್ ಮಾಡುವುದಿಲ್ಲ, ಡ್ರೈವರನ ಹೆಂಡತಿಗೆ ಮಾಡುತ್ತಾಳೆ. ಡ್ರೈವರುಗಳ ಮನೆಯಲ್ಲಿ ಯಾವಾಗಲೂ ಎರಡು ತಟ್ಟೆ ಹೆಚ್ಚಿಗೆ ಇರುತ್ತವೆ. ದಾರಿ ತಪ್ಪಿ ಬಂದವರು ಉಂಡು, ಕೈ ತೊಳೆದು, ಗಂಡ ಹೆಂಡತಿಯ ಜಗಳ ಬಿಡಿಸಿ, ಮತ್ತೆ ಅದೇ ಗಾಡಿ ಹತ್ತುತ್ತಾರೆ. ಫೋನಿನಲ್ಲಿ ಗಾಡಿ ಕರೆಸುವ ಪದ್ಧತಿಯೂ ಬಂದಿದೆ. ಅದರಲ್ಲಿ ಡ್ರೈವರನ ಫೋಟೋ, ಗಾಡಿಯ ನಂಬರು, ಕೆಳಗೆ ‘ಈಗಿನ ಮನಸ್ಸು’ ಎಂದು ಒಂದು ಸಾಲು ಬರುತ್ತದೆ. ಅದನ್ನು ತುಂಬುವವನು ಡ್ರೈವರನೇ. ಎಲ್ಲರೂ ‘ಶಾಂತ’ ಎಂದು ಬರೆದಿರುತ್ತಾರೆ. ಸುಳ್ಳರು.

ನಾನೂ ಡ್ರೈವರನೇ. ಹೆಸರು ಗುರುಪಾದ, ವಯಸ್ಸು ಇಪ್ಪತ್ಮೂರು, ಶಾಲೆ ಬಿಟ್ಟಿದ್ದು ಎಂಟನೇ ಇಯತ್ತೆಯಲ್ಲಿ. ನನ್ನ ಗಾಡಿ ಯಾರ ಮನೆಗೂ ಹೋಗುತ್ತಿರಲಿಲ್ಲ. ಏಳು ತಿಂಗಳಿಂದ ಅದು ಹೋಗುತ್ತಿದ್ದುದು ಒಂದೇ ಕಡೆ: ಕಟ್ಟಡದ ಸಾಮಾನು ಇಡುವ ಮೂರನೇ ಯಾರ್ಡಿನ ಹಿಂದೆ ಇರುವ ಹಸಿರು ಗೇಟು, ಅಡಿವೆಪ್ಪ ಮುಕಾದಮನ ಆಫೀಸು. ನನ್ನನ್ನೂ ನನ್ನ ಗೆಳೆಯ ಯಮನೂರನನ್ನೂ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆಂದು ಊರಿನಿಂದ ಇಲ್ಲಿಗೆ ಕರೆತಂದವನು ಅಡಿವೆಪ್ಪ. ಒಂಬತ್ತನೇ ಮಾಳಿಗೆಯಲ್ಲಿ ನಿಂತು ಕೆಲಸ ಮಾಡುವ ಹಲಗೆಗೆ ಸವೆದ ಹಗ್ಗವನ್ನೇ ಕಟ್ಟಿಸಿದವನೂ ಅವನೇ. ಹಗ್ಗ ಹರಿಯಿತು. ಯಮನೂರ ಬಿದ್ದ. ನಾನು ಗೌಂಡಿ ಕೆಲಸ ಬಿಟ್ಟು ಗಾಡಿ ಹಿಡಿದೆ. ಗಾಡಿಯಲ್ಲಿ ಕೂತು ಸ್ಟೇರಿಂಗ್ ಹಿಡಿದರೆ ಸಾಕು, ಹಸಿರು ಗೇಟು.

ನಮ್ಮ ಸ್ಟ್ಯಾಂಡು ನೋಡಿಕೊಳ್ಳುವ ದಸ್ತಗೀರ್ ಚಾಚಾ ಸವಣೂರಿನ ಕಡೆಯ ಮುದುಕ. ಯಾವ ಬಾಡಿಗೆ ಯಾರಿಗೆ ಎಂದು ಹಂಚುವವನು ಅವನು. ಬೇರೆಯವರಿಗೆ ಮುಖ ನೋಡಿ ಕೊಡುತ್ತಿದ್ದ, ನನಗೆ ಮಾತ್ರ ಮೂರನೇ ಯಾರ್ಡಿನ ಬಾಡಿಗೆಗಳನ್ನೇ ಎತ್ತಿಡುತ್ತಿದ್ದ. “ಹೆಂಗೂ ಅಲ್ಲಿಗೇ ಹೊಂಟೀದಿ, ಇವರನ್ನೂ ಒಯ್ಯಿ” ಎನ್ನುತ್ತಿದ್ದ. ಹೀಗಾಗಿ ಸ್ಟ್ಯಾಂಡಿನಲ್ಲಿ ಹೇಳಿದ ಜಾಗಕ್ಕೆ ತಪ್ಪದೆ ಮುಟ್ಟಿಸುವ ಗಾಡಿ ಎಂದರೆ ನನ್ನದೇ ಎಂಬ ಹೆಸರು ಬಂದಿತ್ತು. ಅಂಥ ಹೆಸರಿಗೆ ಬೆಂಕಿ ಹಾಕಬೇಕು.

ಕಾಶವ್ವ ಬಂದದ್ದು ಒಂದು ಗುರುವಾರ, ಮಧ್ಯಾಹ್ನ ಒಂದೂವರೆಗೆ. ನಲವತ್ತೈದರ ಆಸುಪಾಸಿನ ಹೆಂಗಸು, ಇಳಕಲ್ ಸೀರೆ, ಹೆಗಲಿಗೆ ಒಂದು ಚೀಲ, ಕೈಯಲ್ಲಿ ಮಡಚಿ ಮಡಚಿ ಮೆತ್ತಗಾದ ಒಂದು ಪತ್ರ. ಬಿಸಿಲಿನಲ್ಲಿ ನಡೆದುಕೊಂಡು ಬಂದಿದ್ದಳು. ನಮ್ಮ ಮಾತು ಕಿವಿಗೆ ಬಿದ್ದದ್ದೇ ಅವಳು ಚಾಚಾನ ಎದುರಿನ ಬೆಂಚಿನ ಮೇಲೆ ಕುಸಿದು ಕೂತಳು.

“ಕನ್ನಡ ಮಂದಿ ಏನ್ರಿ? ಬದುಕಿದೆ ನೋಡ್ರಿ. ಮುಂಜಾನಿ ವಿಮಾನ ಇಳದ್ನಿ. ಅಲ್ಲಿ ಒಬ್ಬಾಂವ ಗಾಡಿ ಹತ್ತಿಸಿಕೊಂಡು ಸೀದಾ ಅವನ ಮನಿಗೆ ಒಯ್ದ. ಅವನ ಹೇಣ್ತಿ ಪಾಪ, ಅನ್ನಾ ಹಾಕಿದ್ಲು. ಬ್ಯಾಡ ಅಂದ್ರ ಕೇಳವಲ್ಲಳು. ಉಣ್ಣಾಕ ಬಂದೇನೇನ್ರಿ ನಾನು? ಆಮ್ಯಾಲ ಇನ್ನೊಂದು ಗಾಡಿ. ಅವನ ಮಗಳ ಸಾಲಿ ಮುಂದ ನಿಂತ್ವಿ.”

“ಎಲ್ಲಿಗೆ ಹೋಗಬೇಕಿತ್ತು ತಂಗಿ?” ಎಂದ ಚಾಚಾ.

ಅವಳು ಪತ್ರ ಕೊಟ್ಟಳು. ಚಾಚಾ ಕನ್ನಡಕ ಹಾಕಿಕೊಂಡು ಓದಿ, ಕನ್ನಡಕ ತೆಗೆದು, ಪತ್ರವನ್ನು ಮೊದಲಿನಂತೆಯೇ ಮಡಚಿದ. ಅವಳ ಗಂಡ ಶೇಖಪ್ಪ ಹನ್ನೊಂದು ದಿನದ ಹಿಂದೆ ಕೆಲಸದ ಜಾಗದಲ್ಲಿ ಸತ್ತಿದ್ದ. ಹೆಣ ಉಪ್ಪಿನ ಗದ್ದೆಗಳ ಆಚೆ ಇರುವ ಸರಕಾರಿ ಹೆಣದ ಕೋಣೆಯಲ್ಲಿತ್ತು. ಗುರುವಾರ ನಾಲ್ಕು ಗಂಟೆಯೊಳಗೆ ಯಾರೂ ಬರದಿದ್ದರೆ ಅವರೇ ಹೂಳುತ್ತಾರೆ ಎಂದು ಪತ್ರದಲ್ಲಿತ್ತು.

“ಊರಿಗೆ ಒಯ್ಯಾಕ ಬಂದಿಲ್ರಿ. ಅದು ಆಗೂದಿಲ್ಲಂತ ಗೊತ್ತೈತಿ. ಮಾರಿ ನೋಡ್ಬೇಕು. ಹಣಿಗೆ ವಿಭೂತಿ ಹಚ್ಬೇಕು. ನಮ್ಮೊಳಗ ಕುಂದರಿಸಿ ಮಣ್ಣು ಮಾಡ್ತಾರ, ಇವರು ಮಲಗಿಸಿಬಿಡ್ತಾರಂತ. ಒಂಬತ್ತು ವರ್ಷ ನಿಂತು ದುಡದ ಮನಿಷಾ, ಕುಂದರಬಾರದೇನ್ರಿ?”

ಸ್ಟ್ಯಾಂಡಿನಲ್ಲಿ ಆರು ಗಾಡಿ ಇದ್ದವು. ಆರೂ ಜನ ನೆಲ ನೋಡಿದರು. ಈ ಊರಿನಲ್ಲಿ ಆಸ್ಪತ್ರೆಗೆ ಹೋಗುವ ಗಾಡಿ ನೂರು ಸಿಗುತ್ತವೆ, ಹೆಣದ ಕೋಣೆಗೆ ಒಂದೂ ಇಲ್ಲ. ಯಾವನ ಮನಸ್ಸೂ ಅಲ್ಲಿ ನಿಲ್ಲುವುದಿಲ್ಲ. ಮಗಳು, ಹೆಂಡತಿ, ಬೀಡಿ ಅಂಗಡಿ, ಏನಾದರೊಂದು ನಡುವೆ ಬಂದು ಎಳೆದುಬಿಡುತ್ತದೆ. ಅದಕ್ಕೇ ಇಲ್ಲಿ ಹೆಣಗಳನ್ನು ಹೊತ್ತುಕೊಂಡೇ ಹೋಗುತ್ತಾರೆ, ನೋಡಲು ಹೋಗುವವರೂ ನಡೆದೇ ಹೋಗುತ್ತಾರೆ. ಹದಿನಾಲ್ಕು ಕಿಲೋಮೀಟರು. ಕಾಶವ್ವನ ಒಂದು ಮೊಣಕಾಲು ಊದಿತ್ತು.

“ಗುರುಪಾದ” ಎಂದ ಚಾಚಾ.

“ನಾನಾ? ಹುಚ್ಚು ಹಿಡದೈತೇನ್ ಚಾಚಾ?”

“ಇವರೆಲ್ಲಾರ ಮನಸು ಓಡ್ಯಾಡೋ ಮನಸು. ನಿಂದೊಂದ ನಿಲ್ಲೂದು. ಜಾಗಾ ಅಷ್ಟ ಬದಲಿ ಮಾಡ್ಕೊ.”

“ಅಷ್ಟ ಅಂತ! ಏಳು ತಿಂಗಳಿಂದ ಆಗದ್ದು ಈಗ ಆಗತೈತಿ ಏನು?”

“ಈ ತಂಗೀನ್ನ ನಡಸ್ತಿ ಏನು ಹಂಗಾರ?”

ಗಾಡಿಯ ಬಾಗಿಲು ತೆಗೆದೆ. ಕಾಶವ್ವ ಹಿಂದೆ ಕೂತಳು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ನಾನು ಸ್ಟೇರಿಂಗ್ ಹಿಡಿದು ಹೆಣದ ಕೋಣೆ, ಹೆಣದ ಕೋಣೆ ಎಂದು ಒಳಗೊಳಗೇ ಜಪ ಮಾಡುತ್ತ ಹೊರಟೆ. ಮೊದಲ ಐದು ಕಿಲೋಮೀಟರು ಸರಿಯಾಗಿಯೇ ಹೋಯಿತು. ದೊಡ್ಡ ಮಾರ್ಕೆಟ್ ದಾಟಿತು, ನೀರಿನ ಟ್ಯಾಂಕ್ ದಾಟಿತು. ನನಗೇ ನಂಬಿಕೆಯಾಗಲಿಲ್ಲ. ಆಗ ನನ್ನ ನಾಲಿಗೆ ಸುಮ್ಮನಿರಲಿಲ್ಲ.

“ಯಾರ ಕೈಯಾಗ ಕೆಲಸಾ ಮಾಡ್ತಿದ್ರಬೇ, ನಿಮ್ಮವರು?”

“ನಮ್ಮ ಕಡ್ಯಾವನ. ಅಡಿವೆಪ್ಪ ಅಂತ.”

ಅಷ್ಟೇ. ಗಾಡಿ ಕತ್ತು ಹಿಡಿದು ತಿರುಗಿಸಿದ ಹಾಗೆ ಎಡಕ್ಕೆ ತಿರುಗಿತು. ನಾನು ಹಲ್ಲು ಕಚ್ಚಿದೆ, ಬ್ರೇಕ್ ತುಳಿದೆ, ಬೈದೆ. ಎರಡು ನಿಮಿಷದಲ್ಲಿ ಹಸಿರು ಗೇಟಿನ ಮುಂದೆ ನಿಂತಿದ್ದೆವು.

ಗೇಟಿನ ವಾಚ್‌ಮನ್ ಪ್ಲಾಸ್ಟಿಕ್ ಕುರ್ಚಿಯಿಂದ ಏಳಲೂ ಇಲ್ಲ. ನಮ್ಮ ಮಾತು ಅಷ್ಟಿಷ್ಟು ಕಲಿತ ಮನುಷ್ಯ. “ಬಂದಿ? ನಿನ್ನೆ ಎರಡ ಸಲ ಬಂದಿದ್ದಿ, ಇವತ್ತ ತಡಾ ಆತಲ್ಲ” ಎಂದು ನೀರಿನ ಬಾಟಲಿ ಚಾಚಿದ.

“ಇದ ಏನಪಾ ಹೆಣದ ಕೋಣಿ?” ಎಂದಳು ಕಾಶವ್ವ, ಗೇಟಿನ ಮೇಲಿನ ತುಕ್ಕು ಹಿಡಿದ ಬೋರ್ಡನ್ನು ನೋಡುತ್ತ.

“ಅಲ್ಲಬೇ. ಅಡಿವೆಪ್ಪನ ಆಫೀಸು.”

“ಒಳಗ ಅದಾನೇನು ಅಂವ?”

ವಾಚ್‌ಮನ್ ನಕ್ಕ. “ಎಲ್ಲಿ ಅಡಿವೆಪ್ಪ ಅವ್ವಾ? ಅವ ಇದನ್ನ ಬಿಟ್ಟು ಹೋಗಿ ನಾಲ್ಕ ತಿಂಗಳಾತು. ಬ್ಯಾರೇ ಕಡೆ ಕೂತು ಫೋನಿನ್ಯಾಗ ಕೆಲಸಾ ಮಾಡಸ್ತಾನ. ಒಳಗ ಸಿಮೆಂಟ ಚೀಲಾ ಅದಾವು. ಈ ಹುಡುಗನಿಗೂ ಹೇಳೇನಿ. ಆದರೂ ಬರತಾನ, ಗೇಟ ನೋಡತಾನ, ಹೋಗತಾನ.”

ಕಾಶವ್ವ ನನ್ನ ಮುಖ ನೋಡಿದಳು. ಗಡಿಯಾರದಲ್ಲಿ ಎರಡೂ ಇಪ್ಪತ್ತು.

“ತಮ್ಮಾ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ಸಿಟ್ಟಾದ್ರೂ ಆಗು, ನೀ ಅದಕ್ಕ ಹುಟ್ಟೀದಿ ಅನಸ್ತೈತಿ. ನನ್ನ ಗಂಡನ್ನೂ ಅವನ ತಿಂದಾನ. ನನಗೂ ಹೊಟ್ಟಿ ಉರಿತೈತಿ. ಆದ್ರ ಇವತ್ತ ನನಗ ಪುರಸೊತ್ತಿಲ್ಲ.”

ಗಾಡಿ ಹಿಂದಕ್ಕೆ ತೆಗೆದೆ. ಅರ್ಧ ದಾರಿಗೆ ಬಂದ ಮೇಲೆ, ಹೇಳಬಾರದೆಂದುಕೊಂಡರೂ ಹೇಳಿದೆ. ಯಮನೂರನನ್ನೂ ಅದೇ ಹೆಣದ ಕೋಣೆಯಲ್ಲಿ ಇಟ್ಟಿದ್ದರು. ಆರು ದಿನ. ಆ ಹೆಣ ಅವನದೆಂದು ಹೇಳಲು ಈ ಊರಿನಲ್ಲಿದ್ದವನು ನಾನೊಬ್ಬನೇ. ಡ್ರೈವಿಂಗ್ ಕಲಿತ ಹೊಸದು, ಯಾರದೋ ಗಾಡಿ ಇಸಿದುಕೊಂಡು ಆರೂ ದಿನ ಬೆಳಿಗ್ಗೆ ಅಲ್ಲಿಗೆಂದೇ ಹೊರಟೆ. ಆರೂ ದಿನ ಹಸಿರು ಗೇಟಿಗೆ ಹೋಗಿ ನಿಂತೆ. ನಡೆದು ಹೋಗಬಹುದಿತ್ತು. ಅಡಿವೆಪ್ಪನ ಕುತ್ತಿಗೆ ಮೊದಲು, ಹೆಣ ಆಮೇಲೆ ಎಂದುಕೊಂಡಿದ್ದೆ. ಗೇಟು ದಾಟಲು ಬಿಡಲಿಲ್ಲ, ಕುತ್ತಿಗೆಯೂ ಸಿಗಲಿಲ್ಲ. ಏಳನೇ ದಿನ ಹೂತುಬಿಟ್ಟೆವು ಎಂದರು.

ನನ್ನ ಮನಸ್ಸು ಬೇರೆ ಕಡೆ ಹೊರಳಲಿ ಎಂದೋ ಏನೋ, ಕಾಶವ್ವ ಗಂಡನ ಸುದ್ದಿ ಶುರು ಮಾಡಿದಳು. ರೊಟ್ಟಿಗೆ ಶೇಂಗಾ ಚಟ್ನಿಯ ಹಿಂಡಿ ಇರಲೇಬೇಕು ಅವನಿಗೆ. ದೀಪಾವಳಿಯ ಹಟ್ಟಿಹಬ್ಬಕ್ಕೆ ಊರಿಗೆ ಬಂದಾಗ ಸಗಣಿಯ ಪಾಂಡವರನ್ನು ತಾನೇ ಮಾಡುತ್ತೇನೆ ಎಂದು ಕೂತು, ಭೀಮನಿಗೆ ಅಷ್ಟು ದೊಡ್ಡ ಹೊಟ್ಟೆ ಇಟ್ಟನಂತೆ, ಓಣಿಯ ಹೆಂಗಸರೆಲ್ಲ ಬಂದು ನಕ್ಕರಂತೆ. ಫೋನಿನಲ್ಲಿ ಮಾತು ಮುಗಿದರೂ ಇಡುತ್ತಿರಲಿಲ್ಲವಂತೆ. “ಏನರೆ ಸಪ್ಪಳಾ ಮಾಡು, ಪಾತ್ರಿ ತಿಕ್ಕು, ಕೇಳ್ತೀನಿ” ಎನ್ನುತ್ತಿದ್ದನಂತೆ. ನನಗೆ ನಮ್ಮ ಅಂಗಳ ಕಂಡಿತು. ಅಂಗಳದ ಮೂಲೆಯಲ್ಲಿ ಅವ್ವ ಪಾತ್ರೆ ತಿಕ್ಕುವ ಕಲ್ಲು ಕಂಡಿತು.

ಗಾಡಿ ನಿಂತಿತು. ಮುಂದೆ ಸಮುದ್ರ.

ತಡೆಗೋಡೆಯ ಉದ್ದಕ್ಕೂ ಹತ್ತಿಪ್ಪತ್ತು ಗಾಡಿಗಳು ಮೂತಿಯನ್ನು ನೀರಿನ ಕಡೆ ಮಾಡಿ ನಿಂತಿದ್ದವು. ಊರು ನೆನೆಸಿದವರ ಗಾಡಿಗಳು. ರಸ್ತೆ ಮುಗಿಯುವ ತನಕ ಬಂದು ನಿಲ್ಲುತ್ತವೆ, ಆಚೆ ಹೋಗಲು ಆಗುವುದಿಲ್ಲ. ಡ್ರೈವರುಗಳು ಬಾಗಿಲು ತೆರೆದಿಟ್ಟು ಸುಮ್ಮನೆ ಕೂತಿದ್ದರು. ಒಂದು ಗಾಡಿಯ ಹಿಂದಿನ ಸೀಟಿನಲ್ಲಿ ಟೈ ಕಟ್ಟಿದ ಪ್ಯಾಸೆಂಜರ್ ಪೇಪರ್ ಓದುತ್ತಿದ್ದ. ಅವನಿಗೆ ರೂಢಿಯಾಗಿತ್ತು.

ಮೂರೂ ಐದು. ನಾನು ಸ್ಟೇರಿಂಗಿಗೆ ಹಣೆ ಹಚ್ಚಿದೆ. ಸಿಟ್ಟೂ ಬರಲಿಲ್ಲ. ದಿನವಿಡೀ ಇಟ್ಟಿಗೆ ಹೊತ್ತ ಹಾಗೆ ಮೈಯೆಲ್ಲ ದಣಿದಿತ್ತು. “ಇಳೀರಿಬೇ. ಬ್ಯಾರೇ ಗಾಡಿ ನೋಡೂಣು” ಎಂದೆ.

“ಬ್ಯಾರೇ ಗಾಡಿ ನೋಡೇನಿ ಮುಂಜಾನಿಂದ” ಎಂದಳು. ಹಿಂದಿನ ಬಾಗಿಲು ತೆರೆದ ಸಪ್ಪಳ ಬಂತು. ಕುಂಟುತ್ತ ಸುತ್ತಿ ಬಂದು ನನ್ನ ಬಾಗಿಲು ತೆಗೆದಳು. “ಸರಿ ಆಕಡೆ.”

“ಯಾಕ?”

“ನಾ ಹಿಡೀತೀನಿ.”

“ಯವ್ವಾ, ಪ್ಯಾಸೆಂಜರ್ ಸ್ಟೇರಿಂಗ್ ಮುಟ್ಟಬಾರದು. ಬೋರ್ಡ್ ಬರದು ಹಾಕ್ಯಾರ.”

“ನನಗ ಅವರ ಬೋರ್ಡ್ ಓದಾಕ ಬರೂದಿಲ್ಲ. ಸರಿ.”

“ಎಂದಾರ ಗಾಡಿ ಹೊಡದೀರೇನು?”

“ಚಕ್ಕಡಿ ಹೊಡದೇನಿ. ಎತ್ತು ನನ್ನ ಮಾತು ಕೇಳ್ತಾವು. ಇದಕ್ಕ ಎಷ್ಟು ಕಾಲು ಅದಾವು, ಹೇಳು.”

ಗೇರಿಲ್ಲದ ಗಾಡಿ. ಒಂದನ್ನು ತುಳಿದರೆ ಓಡುತ್ತದೆ, ಇನ್ನೊಂದನ್ನು ತುಳಿದರೆ ನಿಲ್ಲುತ್ತದೆ. ತೋರಿಸಿದೆ. ನಾನು ಪಕ್ಕಕ್ಕೆ ಸರಿದು ಹ್ಯಾಂಡ್ ಬ್ರೇಕಿನ ಮೇಲೆ ಕೈ ಇಟ್ಟುಕೊಂಡೆ. ಅವಳು ಸೀರೆಯ ಸೆರಗನ್ನು ಸೊಂಟಕ್ಕೆ ಸಿಗಿಸಿ, ಸ್ಟೇರಿಂಗನ್ನು ಹಗ್ಗ ಹಿಡಿದ ಹಾಗೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಹಿಂದಕ್ಕೆ ಹೋಗುವಾಗ ಒಂದು ಡಬ್ಬಿ ಉರುಳಿತು. ತಡೆಗೋಡೆಯ ಡ್ರೈವರುಗಳು ಎದ್ದು ನಿಂತು ಏನೋ ಕೂಗಿದರು. ಟೈ ಕಟ್ಟಿದವನು ಪೇಪರ್ ಕೆಳಗಿಳಿಸಿದ. ಆಮೇಲೆ ಗಾಡಿ ಓಡಿತು. ನಾನು ಏಳು ತಿಂಗಳಲ್ಲಿ ಅದನ್ನು ಹಾಗೆ ಓಡಿಸಿರಲಿಲ್ಲ. ಒಂದು ಕಡೆಯೂ ಅನುಮಾನಿಸಲಿಲ್ಲ ಅದು. ಅವಳ ತುಟಿ ಅಲುಗುತ್ತಿದ್ದವು.

ಊರು ಮುಗಿದು ಉಪ್ಪಿನ ಗದ್ದೆಗಳು ಶುರುವಾದವು. ಎರಡೂ ಕಡೆ ಬೆಳ್ಳಗೆ, ಕಣ್ಣು ಬಿಡಲಾಗದ ಹೊಳಪು. ಅಲ್ಲಿ ದಾರಿ ಎರಡಾಗುತ್ತದೆ. ಬಲಗಡೆ ಸ್ವಲ್ಪ ದೂರದಲ್ಲೇ ಹೆಣದ ಕೋಣೆಯ ಬಿಳಿ ಗೋಡೆ ಕಾಣುತ್ತಿತ್ತು. ಮೂರೂ ಮೂವತ್ತು. ಇನ್ನೂ ಅರ್ಧ ಗಂಟೆ ಇತ್ತು. ಮುಟ್ಟಿದೆವು ಎಂದುಕೊಂಡೆ.

ಗಾಡಿ ಎಡಕ್ಕೆ ಹೋಯಿತು.

“ಯವ್ವಾ! ಬಲಕ್ಕ! ಬಲಕ್ಕ ತಿರುವ್ರಿ!”

“ನಾ ಏನೂ ತಿರುವಿಲ್ಲಪಾ.”

“ಅಲ್ಲೇ ಕಾಣಾಕತ್ತೈತಲ್ಲ! ಏನ್ ನೆನಸಾಕತ್ತೀರಿ ನೀವು? ಹೆಣದ ಕೋಣಿ ಅಂತ ನೆನಸ್ರಿ!”

“ಅದನ್ನ ಯಾಕ ನೆನಸ್ಲಿ? ನಾ ನೋಡಿಲ್ಲ ಅದನ್ನ.”

ಬಿಳಿ ಗೋಡೆ ಕನ್ನಡಿಯಲ್ಲಿ ಹಿಂದೆ ಹಿಂದೆ ಸರಿಯಿತು. ಇಷ್ಟು ದೂರ ಬಂದು, ಇಷ್ಟು ಹತ್ತಿರ ಬಂದು! ಸ್ಟೇರಿಂಗ್ ಕಸಿದುಕೊಳ್ಳಲು ಕೈ ಚಾಚಿದೆ. ಬೆರಳು ತಾಗುವಷ್ಟರಲ್ಲಿ ಹೊಳೆಯಿತು: ಈಗ ನಾನು ಹಿಡಿದರೆ ಇದು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತು. ಅಷ್ಟು ಸಿಟ್ಟಿನಲ್ಲಿ ಬೇರೆಲ್ಲಿಗೂ ಹೋಗುವುದಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತೆ. ನಿಜವಾಗಿಯೂ ಹಾಗೆಯೇ ಕೂತೆ, ಸಾಲಿಯಲ್ಲಿ ಮಾಸ್ತರರು ಕೂರಿಸಿದ ಹಾಗೆ.

ದಿಬ್ಬ ಹತ್ತಿ ಇಳಿದದ್ದೇ ಎದುರಿಗೆ ಅವರು ಕಂಡರು. ನಾಲ್ಕು ಜನ, ಹೆಗಲ ಮೇಲೆ ಚಟ್ಟ, ಅವಸರವಿಲ್ಲದ ನಡಿಗೆ. ಅವರ ಮುಂದೆ, ಗಿಡವಿಲ್ಲದ ಬಯಲಿನಲ್ಲಿ, ನಂಬರು ಬರೆದ ಕಲ್ಲುಗಳ ಸಾಲು.

ಗಾಡಿ ಅವರ ಬೆನ್ನ ಹಿಂದೆ ಹೋಗಿ ತಾನೇ ನಿಧಾನವಾಯಿತು. ಕಾಶವ್ವ ಯಾವುದನ್ನೂ ತುಳಿಯಲಿಲ್ಲ, ಬಾಗಿಲು ತೆರೆದು ಇಳಿದುಬಿಟ್ಟಳು. ನಾನು ಹ್ಯಾಂಡ್ ಬ್ರೇಕ್ ಎಳೆದು ಅವಳ ಹಿಂದೆ ಓಡಿದೆ.

“ನಾಲ್ಕು ಗಂಟಿ ಅಂತ ಪತ್ರದಾಗ ಐತಿ! ಇನ್ನಾ ನಾಲ್ಕಾಗಿಲ್ಲ!” ಎಂದು ನನಗೆ ಬಂದಷ್ಟು ಅವರ ಭಾಷೆಯಲ್ಲಿ ಅರಚಿದೆ.

ಮುಂದಿನವನು, ನೆರೆತ ಗಡ್ಡದವನು, ನನ್ನನ್ನು ನೋಡಿದ. ಅವನ ಹೆಗಲ ಮೇಲೆ ಚಟ್ಟ ಊರಿದ ಜಾಗದಲ್ಲಿ ಅಂಗಿ ಸವೆದು ತೂತಾಗಿತ್ತು. “ಇವತ್ತು ಮೂರು ಹೆಣ ಇದ್ದವು” ಎಂದ. “ನಾಲ್ಕಕ್ಕೆ ಶುರು ಮಾಡಿದರೆ ನಾವು ಮನೆಗೆ ನಡೆದು ಹೋಗುವುದು ಯಾವಾಗ? ಹನ್ನೊಂದು ದಿನ ಯಾರೂ ಬರಲಿಲ್ಲ.” ತಪ್ಪು ಮಾಡಿದವನ ದನಿಯಲ್ಲ ಅದು, ನಮ್ಮ ಚಾಚಾನ ದನಿಯಷ್ಟೇ ದಣಿದಿತ್ತು. ಚಟ್ಟ ಇಳಿಸಿದರು.

ಕಾಶವ್ವ ಮೊಣಕಾಲು ಊರಲಾಗದೆ ಪಕ್ಕಕ್ಕೆ ವಾಲಿ ಕೂತು, ಮುಖದ ಮೇಲಿನ ಬಟ್ಟೆ ಸರಿಸಿದಳು. ಅವನೇ. ಅವಳು ಅಳುತ್ತಾಳೆ ಎಂದುಕೊಂಡೆ.

“ಏನ್ರಿ ಇದು, ಇಷ್ಟು ಕರ್ರಗಾಗೀರಿ” ಎಂದಳು. “ತೆಲಿಗೆ ಟವೆಲ್ ಸುತ್ತಿಕೊಳ್ರಿ ಅಂತ ಬಡಕೊಂಡ್ನಿ. ನನ್ನ ಮಾತು ಯಾವಾಗ ಕೇಳೀರಿ?” ಚೀಲದಿಂದ ವಿಭೂತಿಯ ಗಟ್ಟಿ ತೆಗೆದು, ಹೆಬ್ಬೆರಳಿನಿಂದ ಉಜ್ಜಿ, ಹಣೆಯ ತುಂಬ ಹಚ್ಚಿದಳು. ಗಾಳಿಗೆ ಹಾರಿದ್ದನ್ನು ಅವನ ಗಲ್ಲದಿಂದ ಒರೆಸಿದಳು. ಆಮೇಲೆ ಪಕ್ಕದಲ್ಲೇ ಇದ್ದ ಗುಂಡಿಯನ್ನು ನೋಡಿದಳು. ಉದ್ದಕ್ಕೆ ತೋಡಿದ್ದರು, ಆಳ ಎದೆಮಟ್ಟಕ್ಕಷ್ಟೇ ಇತ್ತು.

“ಕುಂದರಿಸಬೇಕಂತ ಹೇಳು ತಮ್ಮಾ ಅವರಿಗೆ.”

ಹೇಳಿದೆ. ಗಡ್ಡದವನು ತಲೆಯಾಡಿಸಿದ. “ನಮ್ಮ ಕೈಯಲ್ಲಿ ಇನ್ನು ತೋಡಲು ಆಗುವುದಿಲ್ಲ. ಬೆಳಿಗ್ಗೆಯಿಂದ ಮೂರನೆಯದು ಇದು.” ಆಗ ಬಯ್ಯಬಹುದಿತ್ತು. ಬಯ್ಯಲು ನನ್ನ ಹತ್ತಿರ ಯಾವಾಗಲೂ ದಾಸ್ತಾನು ಇರುತ್ತದೆ. ಬಿದ್ದಿದ್ದ ಸಲಿಕೆ ತೆಗೆದುಕೊಂಡು ಗುಂಡಿಗೆ ಇಳಿದೆ. ನೆಲದಲ್ಲಿ ಅರ್ಧ ಉಪ್ಪು, ಅರ್ಧ ಕಲ್ಲು. ಗೌಂಡಿ ಕೆಲಸದ ಮೈ, ಮರೆತಿರಲಿಲ್ಲ. ಎದೆಯಿಂದ ಕತ್ತಿನ ಮಟ್ಟಕ್ಕೆ, ಕತ್ತಿನಿಂದ ಕಣ್ಣಿನ ಮಟ್ಟಕ್ಕೆ ಇಳಿದೆ. ಸುತ್ತ ಇದ್ದ ಸಾಲುಗಳಲ್ಲಿ ಯಾವುದೋ ಒಂದರ ಕೆಳಗೆ ಯಮನೂರ ಇದ್ದ. ನಂಬರು ನನಗೆ ಗೊತ್ತಿರಲಿಲ್ಲ. ಯಾರನ್ನೂ ಕೇಳಿರಲಿಲ್ಲ ನಾನು. ನಡುವೆ ಒಮ್ಮೆ ಗಡ್ಡದವನೂ ಇಳಿದು ಒಂದು ಮೂಲೆ ತೋಡಿದ.

ಮೇಲಿನಿಂದ ಇಳಿಸಿಕೊಟ್ಟರು, ನಾನು ಕೆಳಗೆ ನಿಂತು ತೆಕ್ಕೆಯಲ್ಲಿ ಹಿಡಿದುಕೊಂಡೆ. ತಣ್ಣಗಿದ್ದ. ಒಂಬತ್ತು ವರ್ಷ ಈ ಊರಿನ ಇಟ್ಟಿಗೆ ಹೊತ್ತ ಮನುಷ್ಯ ಊರಿನಲ್ಲಿ ಸಾಲಿಗೆ ಹೋಗುವ ನನ್ನ ತಮ್ಮನಷ್ಟೂ ಭಾರ ಇರಲಿಲ್ಲ. ಕಾಲು ಮಡಚಿ ಕೂರಿಸಿದೆ. ಕೂರುತ್ತಿರಲಿಲ್ಲ, ತಲೆ ಎದೆಗೆ ಬೀಳುತ್ತಿತ್ತು, ಮೈ ಪಕ್ಕಕ್ಕೆ ಜಾರುತ್ತಿತ್ತು. ಹಿಂದೆ ನಿಂತು ಎರಡೂ ಭುಜ ಹಿಡಿದೆ. ಕಾಶವ್ವ ಮೊದಲ ಹಿಡಿ ಮಣ್ಣು ಹಾಕಿದಳು. ಆಮೇಲೆ ಅವರು ಸಲಿಕೆಯಿಂದ ಹಾಕತೊಡಗಿದರು.

“ಕೈ ಬಿಡಬ್ಯಾಡ ತಮ್ಮಾ.”

“ಬಿಟ್ಟಿಲ್ಲಬೇ.”

ಮಣ್ಣು ಅವನ ಸೊಂಟಕ್ಕೆ ಬಂತು, ನನ್ನ ಮೀನಖಂಡಕ್ಕೆ ಬಂತು. ಉಪ್ಪು ಕಣ್ಣಿಗೆ ಹಾರಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ. ಮಣ್ಣು ಅವನ ಎದೆಗೆ ಬಂದಾಗ ಜಾರುವುದು ನಿಂತಿತು. ಕಾಶವ್ವ ಮೇಲಿನಿಂದ ಬಗ್ಗಿ ನೋಡಿದಳು.

“ಇನ್ನ ಬಿಡು. ತಾವ ಕುಂತಾರ.”

ಬಿಟ್ಟೆ. ಮೇಲೆ ಬರಲು ನೋಡಿದರೆ ಕಾಲು ಕೀಳಲು ಆಗಲಿಲ್ಲ, ಮೊಣಕಾಲಿನವರೆಗೆ ನಾನೂ ಹೂತುಹೋಗಿದ್ದೆ. ಕಾಶವ್ವ ಗುಂಡಿಯ ಅಂಚಿನಲ್ಲಿ ಬೋರಲು ಮಲಗಿ, ವಿಭೂತಿ ಹತ್ತಿದ ಕೈಯನ್ನು ಕೆಳಗೆ ಚಾಚಿದಳು.

“ಹಿಡಿ, ಬಾ. ನೀ ಇನ್ನಾ ಸಣ್ಣಾಂವ ಅದಿ” ಎಂದಳು.